ಮೆಟ್ಟುಕತ್ತಿಯೂ ಹೆರೆಮಣೆಯೂ

ನಮ್ಮ ಅಡುಗೆಮನೆಯಲ್ಲಿ ಎರಡು ಮಣೆಗಳಿವೆ. ಒಂದು ತರಕಾರಿ ಹೆಚ್ಚುವ ಮೆಟ್ಟುಕತ್ತಿ. ಇನ್ನೊಂದು ತೆಂಗಿನಕಾಯಿ ಹೆರೆಯುವ ಹೆರೆಮಣೆ. ಎರಡೂ ನನ್ನ ತಾಯಿಯ ಕಾಲದವು. ಹಲಸಿನ ಹಲಗೆಗಳು ಕುಳಿತು ಕುಳಿತು ಕನ್ನಡಿಯಂತೆ ನುಣುಪಾಗಿವೆ. ಬಹಳ ವರ್ಷಗಳ ಹಿಂದೆ ಜಾತ್ರೆಯೊಂದರಲ್ಲಿ, ಈ ಎರಡು ಕೆಲಸಗಳನ್ನೂ ಒಂದೇ ಮಣೆಯಲ್ಲಿ ಮಾಡಬಹುದಾದ ಹೊಸ ಮಾದರಿಯೊಂದನ್ನು ಕಂಡು, ಮನೆಯಾಕೆ ಸಂತೋಷಪಟ್ಟಾಳೆಂದು ಕೊಂಡು ತಂದೆ. ಕತ್ತಿಯ ಅಲಗಿನ ತುದಿಯಲ್ಲಿಯೇ ಕಾಯಿ ಹೆರೆಯುವ ಹಲ್ಲು. ಬೇಕಾದರೆ ಮಡಚಿಡುವುದಕ್ಕೂ ಬರುತ್ತದೆ.

ನನ್ನ ಹೆಂಡತಿ ಅದನ್ನು ಒಂದು ವಾರ ಬಳಸಿದಳು. ಎಂಟನೆಯ ದಿನ ಅದು ಅಟ್ಟ ಸೇರಿತು. “ಕಾಯಿ ಹೆರೆಯುವಾಗ ಅಲಗು ಮೊಣಕಾಲಿಗೆ ಬರುತ್ತದೆ, ಬಸಳೆ ಹೆಚ್ಚುವಾಗ ಹಲ್ಲು ಬೆರಳಿಗೆ ಬರುತ್ತದೆ. ನೀವು ಒಮ್ಮೆ ಕೂತು ನೋಡಿ, ಆಗ ಗೊತ್ತಾಗುತ್ತದೆ” ಎಂದಳು. ನಾನು ಕೂತು ನೋಡಲಿಲ್ಲ; ಸೋಲನ್ನು ಒಪ್ಪಿಕೊಂಡೆ. ಆದರೆ ಆ ವರ್ಷ ಬೇಸಗೆಯಲ್ಲಿ ನಮ್ಮಲ್ಲಿಗೆ ಬಂದ ಅಕ್ಕ ಅಟ್ಟದಲ್ಲಿ ಅದನ್ನು ಕಂಡು, “ನನ್ನ ಅಡುಗೆಮನೆಯಲ್ಲಿ ಎರಡು ಮಣೆ ಹಾಕಲು ಎಡೆ ಎಲ್ಲಿದೆ? ನನಗೆ ಇದೇ ಆದೀತು” ಎಂದು ಕೊಂಡೊಯ್ದಳು. ಕೊನೆಯವರೆಗೂ ಅವಳು ಅದರಲ್ಲಿಯೇ ಹೆಚ್ಚಿದಳು, ಅದರಲ್ಲಿಯೇ ಹೆರೆದಳು. ಒಂದೇ ಮಣೆ, ಒಬ್ಬಳಿಗೆ ಉಪದ್ರವ, ಇನ್ನೊಬ್ಬಳಿಗೆ ಉಪಕಾರ.

ಈ ಹಳೆಯ ಕತೆ ಈಗ ನೆನಪಾಗುವುದಕ್ಕೆ ಕಾರಣ ಅಡುಗೆಮನೆಯಲ್ಲ, ನನ್ನ ಮೇಜಿನ ಮೇಲಿರುವ ಗಣಕಯಂತ್ರ. ಗಡಿಯಾಚೆಯ ಹಳ್ಳಿಯ ನಿವೃತ್ತ ಕನ್ನಡ ಮೇಷ್ಟರಿಗೂ ಗಣಕಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಆ ಸಂಬಂಧವನ್ನು ಕಟ್ಟಿದ್ದು ನಮ್ಮ ಕೇರಳ ಸರಕಾರ. 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಎಂಬ ಯೋಜನೆ ಆರಂಭವಾಯಿತು. 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಯಿತು. ಶಾಲೆಗಳ ಗಣಕಗಳಲ್ಲಿ ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ಬದಲು ಗ್ನೂ ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶವನ್ನು ಹಾಕಿಸಿದರು. ಮಲೆಯಾಳ ಮಾಧ್ಯಮದವರೊಡನೆ ಕಾಸರಗೋಡಿನ ಕನ್ನಡ ಮಾಧ್ಯಮದ ಅಧ್ಯಾಪಕರಾದ ನಾವೂ ತರಬೇತಿಗೆ ಕುಳಿತೆವು. ಕೆಲವರಿಗೆ ಅದು ಕರ್ತವ್ಯವಾಯಿತು, ನನಗೆ ಚಟವಾಯಿತು.

ಚಟವೆಂದುದು ಚಿತ್ರಗಳನ್ನು ಒತ್ತಿ ಕೆಲಸ ಮಾಡಿಸುವ ಬಗೆಯದಲ್ಲ. ಕರಿಯ ಪರದೆಯ ಮೇಲೆ ಒಂದು ಸಾಲಿನ ಆಜ್ಞೆಯನ್ನು ಬೆರಳಚ್ಚಿಸಿ ಮಾಡಿಸುವ ಬಗೆಯದು. ‘ಕ್ಯಾಟ್’ ಎಂದರೆ ಕಡತದಲ್ಲಿದ್ದುದನ್ನು ಇದ್ದ ಹಾಗೆ ಹೊರಗೆ ಹರಿಸುತ್ತದೆ. ‘ಎಲ್‌ಎಸ್’ ಕಡತಗಳ ಪಟ್ಟಿಯನ್ನು ಕೊಡುತ್ತದೆ. ‘ಸಾರ್ಟ್’ ಸಾಲುಗಳನ್ನು ಅನುಕ್ರಮವಾಗಿ ಜೋಡಿಸುತ್ತದೆ. ಎಲ್ಲವೂ ಚಿಕ್ಕ ಚಿಕ್ಕ ಉಪಕರಣಗಳು. ಒಂದರ ಬಾಯಿಂದ ಹೊರಟುದನ್ನು ಇನ್ನೊಂದರ ಬಾಯಿಗೆ ಹರಿಸಬಹುದು. ಇವುಗಳ ಮೂಲ ಯುನಿಕ್ಸ್. 1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಕಟ್ಟಿದ್ದು. ಅದೇ ಪ್ರಯೋಗಾಲಯದ ಡಗ್ಲಸ್ ಮೆಕಿಲ್‌ರಾಯ್ ಎಂಬವರು 1964ರಷ್ಟು ಹಿಂದೆಯೇ, ಗಣಕದ ಕಾರ್ಯಕ್ರಮಗಳನ್ನು ತೋಟಕ್ಕೆ ನೀರು ಹಾಯಿಸುವ ಕೊಳವೆಗಳಂತೆ ಬೇಕಾದಾಗ ಒಂದಕ್ಕೊಂದು ತಿರುಗಿಸಿ ಜೋಡಿಸುವಂತಿರಬೇಕೆಂದು ಬರೆದಿಟ್ಟಿದ್ದರು. 1973ರಲ್ಲಿ ಥಾಂಪ್ಸನ್ ಅದನ್ನು ಕೈಗೂಡಿಸಿದರು. ಕಂಗಿನ ತೋಟಕ್ಕೆ ಕೊಳವೆ ಜೋಡಿಸಿ ಬೆಳೆದವನಿಗೆ ಈ ಉಪಮೆ ಅರ್ಥವಾಗಲು ಭಾಷ್ಯ ಬೇಕಾಗಲಿಲ್ಲ. ಒಂದು ಉಪಕರಣ ಒಂದೇ ಕೆಲಸವನ್ನು ಚೆನ್ನಾಗಿ ಮಾಡಲಿ. ಹೊಸ ಕೆಲಸ ಬಂದರೆ ಹಳೆಯದಕ್ಕೆ ಕೊಂಬು ಮೂಡಿಸದೆ ಹೊಸದೊಂದನ್ನು ಮಾಡಿ ಎಂಬುದು 1978ರಲ್ಲಿ ಅವರ ಬಳಗ ಅಚ್ಚು ಹಾಕಿಸಿದ ನೀತಿ.

ಕೊಂಬು ಎಂದರೆ ಆಪ್ಶನ್. ಆಜ್ಞೆಯ ಹೆಸರಿನ ಮುಂದೆ ಒಂದು ಅಡ್ಡಗೆರೆಯಿಟ್ಟು ಒಂದು ಅಕ್ಷರವನ್ನು ಸೇರಿಸಿದರೆ ಉಪಕರಣ ತನ್ನ ನಡತೆಯನ್ನು ಸ್ವಲ್ಪ ಬದಲಿಸುತ್ತದೆ. ನಾನು ಅದನ್ನು ಆಯ್ಕೆ ಎಂದು ಕರೆಯುತ್ತೇನೆ. 1979ರ ಏಳನೆಯ ಆವೃತ್ತಿಯ ಯುನಿಕ್ಸಿನಲ್ಲಿ ಕ್ಯಾಟಿಗೆ ಇದ್ದುದು ಒಂದೇ ಆಯ್ಕೆ, ಎಲ್‌ಎಸ್‌ಗೆ ಹನ್ನೊಂದು. ಇಂದು ನನ್ನ ಮೇಜಿನ ಮೇಲಿರುವ ಎಲ್‌ಎಸ್‌ಗೆ ಐವತ್ತಕ್ಕೂ ಹೆಚ್ಚು ಆಯ್ಕೆಗಳಿವೆ. ಬರ್ಕ್ಲಿ ವಿಶ್ವವಿದ್ಯಾಲಯದವರು ಕ್ಯಾಟಿಗೆ ‘ವಿ’ ಎಂಬ ಆಯ್ಕೆಯನ್ನು ಸೇರಿಸಿದ್ದರು. ಕಣ್ಣಿಗೆ ಕಾಣದ ಸಂಕೇತಗಳನ್ನು ಅದು ಕಾಣುವಂತೆ ಮಾಡುತ್ತದೆ. 1983ರಲ್ಲಿ ಟೊರೊಂಟೊದ ಸಮ್ಮೇಳನವೊಂದರಲ್ಲಿ ರಾಬ್ ಪೈಕ್ ಎಂಬವರು, ಹರಿಸುವ ಉಪಕರಣಕ್ಕೆ ಬಿಡಿಸಿ ತೋರಿಸುವ ಕೆಲಸವೇಕೆ, ಅದಕ್ಕೆ ಬೇರೆ ಉಪಕರಣವಿರಲಿ ಎಂದು ಆಕ್ಷೇಪಿಸಿದರು. ಮರುವರ್ಷ ಬ್ರಿಯಾನ್ ಕರ್ನಿಹ್ಯಾನರೊಡನೆ ಸೇರಿ ಅದನ್ನೇ ಲೇಖನವಾಗಿಯೂ ಬರೆದರು. ವಾದ ನಲವತ್ತು ವರ್ಷ ದಾಟಿದೆ, ಇನ್ನೂ ತೀರ್ಮಾನವಾಗಿಲ್ಲ.

ನಾನು ಮೊದಲಿನಿಂದಲೂ ಪೈಕರ ಪಕ್ಷ. ನನ್ನ ಮನೆಯ ಮೆಟ್ಟುಕತ್ತಿಯೇ ನನಗೆ ಸಾಕ್ಷಿಯಾಗಿತ್ತು. ಆಯ್ಕೆಗಳನ್ನು ಕಲಿಯದಿರುವುದು ನನಗೊಂದು ವ್ರತವಾಯಿತು. ಕೈಪಿಡಿಯ ಮೊದಲ ಕಂಡಿಕೆಯನ್ನು ಓದಿ ಮುಚ್ಚಿಡುತ್ತಿದ್ದೆ. “ಉಳಿದುದೆಲ್ಲ ಸೋಮಾರಿಗಳಿಗೆ” ಎಂದು ಸಹೋದ್ಯೋಗಿಗಳಲ್ಲಿ ಹೇಳಿಕೊಳ್ಳುತ್ತಲೂ ಇದ್ದೆ. ಆ ವ್ರತದ ಪಾರಣೆ ಹೇಗಾಯಿತೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಭಾವ ತೀರಿಹೋದ ಮೇಲೆ ಅಕ್ಕ ವರ್ಷದಲ್ಲಿ ಮೂರು ನಾಲ್ಕು ತಿಂಗಳು ನಮ್ಮಲ್ಲಿಯೇ ಇರುತ್ತಿದ್ದಳು. ಅವಳ ಬಾಯಲ್ಲಿದ್ದ ಮಾತುಗಳು ನನ್ನ ಮೊಮ್ಮಕ್ಕಳಿಗೆ ತಿಳಿಯವು. ಮಕ್ಕಳು ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಒಂದು ಭಾಷೆ, ಬಸ್ಸಿನಲ್ಲಿ ಒಂದು ಭಾಷೆ, ಶಾಲೆಯಲ್ಲಿ ಮತ್ತೊಂದು ಭಾಷೆ ಆಡುತ್ತ ಬೆಳೆಯುವ ನಾಡು ನಮ್ಮದು. ಅವರ ತಪ್ಪೇನೂ ಇಲ್ಲ. ಉಪ್ಪುಸೊಳೆ, ಸಾಂತಾಣಿ, ಮೇಲಾರ, ಮುಟ್ಟಾಳೆ, ಹೀಗೆ ಮನೆ ಅಂಗಳ ತೋಟಗಳ ಮಾತುಗಳನ್ನು ಅವಳು ಹೇಳುತ್ತಿದ್ದಳು. ನಾನು ಗಣಕದಲ್ಲಿ ಸಾಲಿಗೊಂದು ಮಾತಿನಂತೆ, ಅವಳು ಹೇಳಿದ ಅರ್ಥದೊಡನೆ ಬರೆದಿಡುತ್ತಿದ್ದೆ. ಹಲಸಿನ ಬೇಳೆಯನ್ನು ಉಪ್ಪು ಹಾಕಿ ಬೇಯಿಸಿ ಒಣಗಿಸಿದರೆ ಸಾಂತಾಣಿ ಎಂದಷ್ಟೇ ಹೇಳಿ ಅವಳು ನಿಲ್ಲಿಸುವವಳಲ್ಲ. ಮಳೆಗಾಲದಲ್ಲಿ ಅದನ್ನು ಕಿಸೆಯಲ್ಲಿ ತುಂಬಿಕೊಂಡು ಶಾಲೆಗೆ ಓಡಿದವರು ಯಾರು ಯಾರೆಂಬುದನ್ನೂ ಸೇರಿಸಬೇಕು. ಎರಡು ವರ್ಷಗಳಲ್ಲಿ ಸಾಲುಗಳು ಸಾವಿರ ದಾಟಿದುವು. ಮೂರನೆಯ ವರ್ಷ ಅಕ್ಕ ಹೋದಳು.

ಅವಳ ಮಾಸಿಕ ಕಳೆದ ಮರುವಾರ ಒಂದು ಸಂಜೆ. ಆಷಾಢದ ಮಳೆ, ವಿದ್ಯುತ್ತು ಹೋಗಿ ಬಂದು ಮಾಡುತ್ತಿತ್ತು. ಕೊನೆಯ ದಿನಗಳಲ್ಲಿ ಅವಳು ಹೇಳಿದ್ದ ಮಾತುಗಳನ್ನು ಕಡತದ ಅಡಿಯಲ್ಲಿ ಸೇರಿಸಿದ್ದೆನಲ್ಲದೆ ಅನುಕ್ರಮದಲ್ಲಿ ಇಟ್ಟಿರಲಿಲ್ಲ. ಎಂದಿನ ಕ್ರಮದಲ್ಲಿ, ಸಾರ್ಟ್ ಕೊಟ್ಟುದನ್ನು ಹೊಸ ಹೆಸರಿನ ಕಡತಕ್ಕೆ ಹರಿಸಿ, ಆಮೇಲೆ ಹೆಸರು ಬದಲಿಸಬೇಕು. ಅಂದು ಅವಸರ. ‘ಈ ಕಡತವನ್ನು ಜೋಡಿಸು, ಇದೇ ಕಡತಕ್ಕೆ ಹರಿಸು’ ಎಂದು ಒಂದೇ ಸಾಲಿನಲ್ಲಿ ಬರೆದು ಗುಂಡಿ ಒತ್ತಿದೆ. ಒಂದು ಕ್ಷಣದಲ್ಲಿ ಮುಗಿಯಿತು. ಕ್ಯಾಟ್ ಎಂದೆ; ಪರದೆಯ ಮೇಲೆ ಏನೂ ಹರಿಯಲಿಲ್ಲ. ಎಲ್‌ಎಸ್ ಎಂದೆ, ಕಡತದ ಗಾತ್ರ ಸೊನ್ನೆ.

ಆದದ್ದೇನೆಂದರೆ ಇಷ್ಟು. ಹರಿಸುವ ಬಾಣದ ಗುರುತನ್ನು ಓದುವುದು ಸಾರ್ಟ್ ಅಲ್ಲ. ನಮ್ಮ ಆಜ್ಞೆಗಳನ್ನು ಸ್ವೀಕರಿಸುವ ‘ಶೆಲ್’ ಎಂಬ ದ್ವಾರಪಾಲಕ. ಅವನು ಮೊದಲು ನೀರು ಹಿಡಿಯುವ ಪಾತ್ರೆಯನ್ನು ಬರಿದು ಮಾಡಿ ಇಡುತ್ತಾನೆ. ಆಮೇಲೆ ಸಾರ್ಟನ್ನು ಕರೆಯುತ್ತಾನೆ. ತುಂಬಿದ್ದ ಪಾತ್ರೆಯೂ ಹಿಡಿಯಬೇಕಾದ ಪಾತ್ರೆಯೂ ಒಂದೇ ಆದರೆ, ಸಾರ್ಟ್ ಬರುವಷ್ಟರಲ್ಲಿ ಓದುವುದಕ್ಕೆ ಏನೂ ಉಳಿದಿರುವುದಿಲ್ಲ. ಯಾರೂ ತಪ್ಪು ಮಾಡಲಿಲ್ಲ. ಎಲ್ಲರೂ ಹೇಳಿದಷ್ಟನ್ನೇ ಮಾಡಿದರು. ತಪ್ಪು ಹೇಳಿದವನದು.

ಆ ರಾತ್ರಿ ನಾನು ಊಟ ಮಾಡಲಿಲ್ಲ. ಹೆಂಡತಿ ಕಾರಣ ಕೇಳಿದಾಗ, ಹೇಳುವುದಕ್ಕೆ ನಾಲಗೆ ಹೊರಳಲಿಲ್ಲ. ಕೊನೆಗೆ ಹೇಳಬೇಕಾದುದು ಬೇರೆಯವನಿಗೆ. ಅಕ್ಕನ ಮಗ ಬೆಂಗಳೂರಿನಲ್ಲಿ ಇದೇ ವಿದ್ಯೆಯಲ್ಲಿ ಕೆಲಸ ಮಾಡುವವನು. ನಾನು ಅಳಿಸಿದ್ದು ಅವನ ತಾಯಿಯ ಮಾತುಗಳನ್ನು.

ದೂರವಾಣಿಯಲ್ಲಿ ಅವನು ಕ್ಷಣಕಾಲ ಸುಮ್ಮನಿದ್ದ. ಆಮೇಲೆ, “ಮಾವ, ಮೂರು ತಿಂಗಳ ಹಿಂದೆ ನೀವು ನನಗೊಂದು ಪ್ರತಿ ಕಳಿಸಿದ್ದಿರಿ. ಅದು ನನ್ನಲ್ಲಿದೆ” ಎಂದ. ಉಸಿರು ಮರಳಿತು. ಆದರೆ ಆ ಮೂರು ತಿಂಗಳು ಅಕ್ಕನ ಕೊನೆಯ ಮೂರು ತಿಂಗಳು. ಆ ಅವಧಿಯ ನೂರೈವತ್ತು ಸಾಲುಗಳಷ್ಟು ಹೋದುವು. ಹೆಂಡತಿಯೂ ನಾನೂ ನೆನೆದು ನೆನೆದು ಅರ್ಧದಷ್ಟನ್ನು ಮತ್ತೆ ಬರೆದೆವು. ಉಳಿದವು ಅವಳೊಡನೆಯೇ ಹೋದುವೆಂದು ತಿಳಿದುಕೊಂಡಿದ್ದೇನೆ.

ಮುಂದಿನ ತಿಂಗಳು ಅಳಿಯ ಊರಿಗೆ ಬಂದಾಗ ಜಗಲಿಯಲ್ಲಿ ಕುಳಿತು ಮಾತಾಡಿದೆವು. “ಸಾರ್ಟಿಗೆ ‘ಓ’ ಎಂಬ ಆಯ್ಕೆಯಿದೆ ಮಾವ. ಎಲ್ಲಿ ಬರೆಯಬೇಕೆಂದು ಸಾರ್ಟಿಗೇ ಹೇಳುವುದು. ಅದು ಎಲ್ಲವನ್ನೂ ಓದಿಯಾದ ಮೇಲೆ ಬರೆಯುತ್ತದೆ, ಅದೇ ಕಡತವಾದರೂ ಚಿಂತೆಯಿಲ್ಲ” ಎಂದ. ಹೊಸಬರು ಸೇರಿಸಿದ ಬೆಡಗಿರಬೇಕೆಂದು ನಾನು ಗೊಣಗಿದೆ. ಅವನು ನಕ್ಕು, 1979ರ ಏಳನೆಯ ಆವೃತ್ತಿಯ ಕೈಪಿಡಿಯನ್ನೇ ತೆರೆದು ತೋರಿಸಿದ. ಓದುವ ಕಡತವೂ ಬರೆಯುವ ಕಡತವೂ ಒಂದೇ ಆಗಿರಬಹುದೆಂಬುದು ಅಲ್ಲಿಯೇ ಇತ್ತು! ಮಿತವ್ಯಯದ ಮೂಲಪುರುಷರೇ ಇಟ್ಟುಕೊಂಡಿದ್ದ ಆಯ್ಕೆಯನ್ನು, ಅವರ ಶಿಷ್ಯನೆಂದು ಬೀಗುತ್ತಿದ್ದ ನಾನು ಓದಿರಲಿಲ್ಲ.

ಸೋತವನು ಮತ್ತೊಂದು ಸುತ್ತು ಕೇಳುವುದು ಸಹಜ. “ಇಂದಿನ ಸಾರ್ಟಿಗೆ ಎರಡು ಡಜನಿಗೂ ಹೆಚ್ಚು ಆಯ್ಕೆಗಳಿವೆಯಲ್ಲ, ಆ ಸಂತೆಯಲ್ಲಿ ನನಗೆ ಬೇಕಾದ ಒಂದನ್ನು ಹುಡುಕುವುದು ಹೇಗೆ?” ಎಂದೆ. ಅವನು ಅದನ್ನು ಒಪ್ಪಿದ. ಒಪ್ಪಿ, ಆಯ್ಕೆಗಳಿಂದ ಆಗುವ ಕೆಡುಕಿಗೆ ತಾನೇ ಒಂದು ಉದಾಹರಣೆ ಕೊಟ್ಟ. ‘ಡಿಯು’ ಎಂಬ ಉಪಕರಣ ಯಾವ ಕಡತಕೋಶ ಎಷ್ಟು ಜಾಗ ಹಿಡಿದಿದೆಯೆಂದು ಹೇಳುತ್ತದೆ. ಅದರ ಉದ್ದುದ್ದ ಅಂಕೆಗಳನ್ನು ಓದಲಾರದವರಿಗಾಗಿ ‘ಎಚ್’ ಎಂಬ ಆಯ್ಕೆ ಬಂತು. 2 ಜಿ, 900 ಎಂ ಎಂದು ಚಿಕ್ಕದಾಗಿ ಬರೆಯತೊಡಗಿತು. ಮನುಷ್ಯರಿಗೆ ಹಿತವಾಯಿತು, ಪಕ್ಕದಲ್ಲಿದ್ದ ಸಾರ್ಟಿಗೆ ಕಷ್ಟವಾಯಿತು. ಸಂಖ್ಯೆಯನ್ನಷ್ಟೇ ನೋಡುವ ಅದಕ್ಕೆ 2ಕ್ಕಿಂತ 900 ದೊಡ್ಡದು. ಜಿ ಎಂದರೆ ಎಂ ಗಿಂತ ಸಾವಿರ ಪಾಲು ಹೆಚ್ಚೆಂದು ಅದಕ್ಕೇನು ಗೊತ್ತು? ಕೊನೆಗೆ 2009ರಲ್ಲಿ ಗ್ನೂ ಬಳಗದವರು ಆ ಬರವಣಿಗೆಯನ್ನು ಅರ್ಥಮಾಡಿಕೊಳ್ಳುವುದಕ್ಕೆಂದೇ ಸಾರ್ಟಿಗೂ ಒಂದು ‘ಎಚ್’ ಕೊಡಬೇಕಾಯಿತು. ಮನೆಯಲ್ಲಿ ಒಬ್ಬರಿಗೆ ಪಥ್ಯದ ಅಡುಗೆ ಶುರುವಾದರೆ ಒಲೆಯೂ ಎರಡಾಗುವಂತೆ, ಒಂದು ಆಯ್ಕೆ ಇನ್ನೊಂದನ್ನು ಹೆತ್ತಿತು.

ನಾನು ಇನ್ನೊಂದನ್ನು ಸೇರಿಸಿದೆ. ಕಡತಗಳನ್ನು ಅಳಿಸುವ ‘ಆರ್‌ಎಂ’ ಎಂಬ ಉಪಕರಣಕ್ಕೆ, ಅಳಿಸುವ ಮೊದಲು ‘ಅಳಿಸಲೇ?’ ಎಂದು ಕೇಳುವ ‘ಐ’ ಎಂಬ ಆಯ್ಕೆಯಿದೆ. ನನ್ನೊಡನಿದ್ದ ಅಧ್ಯಾಪಕರೊಬ್ಬರು ತಮ್ಮ ಯಂತ್ರದಲ್ಲಿ ಅದು ಸದಾ ಕೇಳುವಂತೆ ಏರ್ಪಡಿಸಿಕೊಂಡಿದ್ದರು. ಕೇಳೀತೆಂಬ ಧೈರ್ಯದಲ್ಲಿ, ಎಲ್ಲವನ್ನೂ ಅಳಿಸೆಂದು ಹೇಳಿ, ಬೇಡವಾದುದಕ್ಕೆ ಮಾತ್ರ ಹೂಂ ಎನ್ನುವುದು ಅವರ ಅಭ್ಯಾಸವಾಗಿಬಿಟ್ಟಿತ್ತು. ಒಂದು ದಿನ ಬೇರೆ ಯಂತ್ರದ ಮುಂದೆ ಕುಳಿತು ಹಾಗೆಯೇ ಹೇಳಿದರು. ಆ ಯಂತ್ರ ಕೇಳಲಿಲ್ಲ. ಮಕ್ಕಳ ಒಂದು ವರ್ಷದ ಚಿತ್ರಗಳು ಹೋದುವು. ಕಾವಲು ನಾಯಿಯಿದ್ದ ಮನೆಯವನು ನೆಂಟರಲ್ಲಿಗೆ ಹೋದಾಗಲೂ ಬಾಗಿಲು ಹಾಕದೆ ಮಲಗಿದಂತಾಯಿತು.

“ಹಾಗಾದರೆ ಸರಳವಾಗಿದ್ದರೇ ಒಳ್ಳೆಯದು ಎನ್ನುತ್ತೀರಾ?” ಎಂದು ಅಳಿಯ ಕೇಳಿದ. ಹೌದೆನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವನು ಇನ್ನೊಂದು ಪ್ರಶ್ನೆ ಹಾಕಿದ: “ಯಾರಿಗೆ ಸರಳ, ಮಾವ?”

ಅವನು ‘ಕನ್ನಡ’ ಎಂಬ ಮಾತನ್ನು ಬರೆದು, ಅಕ್ಷರಗಳನ್ನು ಎಣಿಸುವ ‘ಡಬ್ಲ್ಯೂಸಿ’ ಎಂಬ ಉಪಕರಣಕ್ಕೆ ಕೊಟ್ಟ. ‘ಸಿ’ ಎಂಬ ಹಳೆಯ ಆಯ್ಕೆ ಹದಿನೈದು ಎಂದಿತು. ಅದು ಎಣಿಸುವುದು ಬೈಟುಗಳನ್ನು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು, ನಮ್ಮ ಒಂದೊಂದು ಸಂಕೇತಕ್ಕೆ ಮೂರು ಬೇಕು. ಅನಂತರ ಸೇರಿಸಿದ ‘ಎಂ’ ಎಂಬ ಆಯ್ಕೆ ಐದು ಎಂದಿತು. ಕ, ನ, ಹಲಂತದ ಗುರುತು, ಮತ್ತೊಂದು ನ, ಡ. ಒಂದನೆಯ ತರಗತಿಯ ನನ್ನ ಮಕ್ಕಳನ್ನು ಕೇಳಿದ್ದರೆ ಮೂರು ಎನ್ನುತ್ತಿದ್ದರು. ಇಂಗ್ಲಿಷಿನವರಿಗೆ ಆಯ್ಕೆಯೇ ಬೇಡ. ನಮಗೆ ಆಯ್ಕೆಯಿದ್ದೂ ಸಾಲದು. ಅನುಕ್ರಮದಲ್ಲೂ ಅದೇ ಪಾಡು. ಭಾಷೆಯ ನಿಯಮವನ್ನು ನೋಡದೆ ಸಂಕೇತಗಳ ಸಂಖ್ಯೆಯಂತೆಯೇ ಜೋಡಿಸಿದರೆ ಳಕಾರ ಲಕಾರದ ಬೆನ್ನಿಗೇ ಬಂದು ಕೂರುತ್ತದೆ. ವರ್ಣಮಾಲೆಯ ಕೊನೆಯಲ್ಲಿ, ಹಕಾರದ ಆಚೆ ಇರುವ ಅದರ ಜಾಗ ತಪ್ಪುತ್ತದೆ. ಅಕ್ಕನ ಪಟ್ಟಿಯಲ್ಲಿ ಬಸಳೆಗಿಂತ ಮುಂಚೆ ಬಳ್ಳಿ ಬಂದುದೇಕೆಂದು ನಾನು ಹಿಂದೆಯೇ ತಲೆ ಕೆರೆದುಕೊಂಡಿದ್ದೆ. ಸರಳತೆಯೆಂದು ನಾನು ಪೂಜಿಸುತ್ತಿದ್ದುದರಲ್ಲಿ ಒಂದಂಶ ಇಪ್ಪತ್ತಾರು ಅಕ್ಷರದವರ ಸೌಕರ್ಯವೆಂಬುದು ಅಂದು ತಿಳಿಯಿತು. ಬಹುಸಂಖ್ಯರಿಗೆ ಹೊಲಿದ ಅಂಗಿ ತಮಗೂ ಸರಿಯಾದೀತೆಂದು ಗಡಿಯಲ್ಲಿರುವ ನಾವು ನಂಬಿ ಕೂರುವಂತಿಲ್ಲ.

ಆದರೂ ಪೈಕರಿಗೆ ನಾನು ಋಣಿ. ಲೋಕದ ಲಿಪಿಗಳೆಲ್ಲ ಹರಿಯಬಲ್ಲ ಯುಟಿಎಫ್-8 ಎಂಬ ಸಂಕೇತಕ್ರಮವನ್ನು 1992ರ ಸೆಪ್ಟೆಂಬರಿನಲ್ಲಿ, ನ್ಯೂಜೆರ್ಸಿಯ ಊಟದ ಮನೆಯೊಂದರಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗುರುತು ಹಾಕಿ ರೂಪಿಸಿದವರು ಥಾಂಪ್ಸನ್ ಮತ್ತು ಅದೇ ಪೈಕ್. ಬರಿಯ ಕ್ಯಾಟ್ ಅಕ್ಕನ ಮಾತುಗಳನ್ನು ಒಂದಕ್ಷರ ಕೆಡಿಸದೆ ಹರಿಸುತ್ತದೆ. ಏಕೆಂದರೆ ಅದು ಅವುಗಳ ಅರ್ಥಕ್ಕೆ ಕೈಹಾಕುವುದಿಲ್ಲ. ಬಿಡಿಸಿ ತೋರಿಸುತ್ತೇನೆನ್ನುವ ‘ವಿ’ಯನ್ನು ಸೇರಿಸಿ ನೋಡಿದೆ: ಉಪ್ಪುಸೊಳೆಯೂ ಸಾಂತಾಣಿಯೂ ಇಂಗ್ಲಿಷಿನ ಎಂ ಅಕ್ಷರ, ಅಡ್ಡಗೆರೆ, ಚಿಹ್ನೆಗಳ ಕಸದ ರಾಶಿಯಾದುವು. ಕನ್ನಡವನ್ನು ಕಾಪಾಡಿದ್ದು, ಕನ್ನಡವನ್ನು ಅರಿಯದೆಯೂ ಅದರ ಮೇಲೆ ಕೈಮಾಡದ ಉಪಕರಣ.

ಹೀಗಿರಲು ನಾನು ತಲುಪಿದ ನಿಲುವು ಇಷ್ಟು. ಹೊರಗಿನಿಂದ ಕೊಳವೆ ಜೋಡಿಸಿ ಮಾಡಬಹುದಾದ ಕೆಲಸಕ್ಕೆ ಆಯ್ಕೆ ಬೇಡ. ಎಷ್ಟು ಜೋಡಿಸಿದರೂ ಹೊರಗಿನಿಂದ ಮಾಡಲಾಗದುದಕ್ಕೆ ಬೇಕು. ಸಾರ್ಟಿನ ‘ಓ’ ಅಂಥದು. ಅದಕ್ಕೂ ಆಯ್ಕೆ ಬೇಕಿಲ್ಲ, ನೀರನ್ನೆಲ್ಲ ಹೀರಿಕೊಂಡು ಆಮೇಲೆ ಹಿಂಡುವ ‘ಸ್ಪಂಜ್’ ಎಂಬ ಪುಟ್ಟ ಉಪಕರಣವೇ ಇದೆಯೆಂದು ಅಳಿಯ ಹೇಳಿದ. ಇರಲಿ. ಸ್ಪಂಜ್ ಇರುವುದು ತಿಳಿದಿದ್ದರೂ ಆಗುತ್ತಿತ್ತು, ಓ ಇರುವುದು ತಿಳಿದಿದ್ದರೂ ಆಗುತ್ತಿತ್ತು. ನನಗೆ ಎರಡೂ ತಿಳಿದಿರಲಿಲ್ಲ. ತಿಳಿಯದುದು ಉಪಕರಣದ ದೋಷವಲ್ಲ, ತಿಳಿಯಬೇಕಿಲ್ಲವೆಂದು ಹಟ ಹಿಡಿದವನ ದೋಷ. ಮಿತವಾಗಿರುವುದು ಉಪಕರಣಕ್ಕೆ ಗುಣ. ಕಲಿಯುವವನ ಅರಿವಿಗೆ ಅದು ಗುಣವಲ್ಲ.

ಅಳಿಯ ಹೊರಡುವ ದಿನ, ತಾಯಿಯ ಮನೆಯಿಂದ ತಂದಿದ್ದ ಗಂಟೊಂದನ್ನು ಅತ್ತೆಯ ಕೈಗಿತ್ತ. ಒಳಗಿದ್ದುದು ಆ ಜಾತ್ರೆಯ ಮಣೆ. ಇಪ್ಪತ್ತು ವರ್ಷ ಹೆರೆದ ಹಲ್ಲುಗಳು ಸವೆದಿದ್ದುವು. ನನ್ನ ಹೆಂಡತಿ ಅದನ್ನು ಅಟ್ಟಕ್ಕೆ ಹಾಕಲಿಲ್ಲ. ತೊಳೆದು ಒರಸಿ, ತನ್ನ ಎರಡು ಮಣೆಗಳ ಪಕ್ಕದಲ್ಲಿ ಇಟ್ಟುಕೊಂಡಳು. ಬಳಸುವುದಿಲ್ಲ, ಆದರೆ ದಿನವೂ ಒರಸುತ್ತಾಳೆ.

ಪಟ್ಟಿ ಈಗ ಮತ್ತೆ ಬೆಳೆಯುತ್ತಿದೆ. ಪ್ರತಿ ಸಂಜೆ ‘ಓ’ ಹಾಕಿ ಜೋಡಿಸುತ್ತೇನೆ. ಒಂದು ಪ್ರತಿ ಬೆಂಗಳೂರಿಗೆ ಹೋಗುತ್ತದೆ, ಒಂದನ್ನು ನೋಟುಪುಸ್ತಕದಲ್ಲಿ ಕೈಯಾರೆ ಬರೆಯುತ್ತೇನೆ. ಬಸಳೆಯನ್ನೂ ಬಳ್ಳಿಯನ್ನೂ ನಾನೇ ಎತ್ತಿ ಅವುಗಳ ಜಾಗದಲ್ಲಿ ಕೂರಿಸುತ್ತೇನೆ. ಈ ಪತ್ರಿಕೆಯನ್ನು ಓದುವ ಅಕ್ಕತಂಗಿಯರಲ್ಲಿ ನನ್ನದೊಂದು ಬಿನ್ನಹ: ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುವ ಮಾತುಗಳನ್ನು ಇಂದೇ ಬರೆದಿಡಿ. ಯಾವ ಉಪಕರಣದಲ್ಲಾದರೂ ಆದೀತು. ಆದರೆ ಎರಡು ಕಡೆ ಬರೆದಿಡಿ.